ಶಿಶುಪಾಲನಾ ಕೇಂದ್ರದಲ್ಲಿ ಯಾರಿಗೆ ಯಾವ ಕೆಲಸ?

ಪ್ರಶ್ನೆ
ಸಮುದಾಯದವರೇ ಸೇರಿ ನಡೆಸುವ ಕೇಂದ್ರ, ಬೆಳಿಗ್ಗೆ 8ರಿಂದ ಸಂಜೆ 6. ಒಂದು ವರ್ಷದೊಳಗಿನ ಕೂಸುಗಳು 6, ಒಂದರಿಂದ ಮೂರರವರು 8, ಮೂರು ದಾಟಿದವರು 10. ಮೇಲ್ವಿಚಾರಕಿ, ನಾಲ್ವರು ಆರೈಕೆದಾರರು, ಅಡುಗೆಯವರು, ಒಬ್ಬ ಆಯಾ ಇದ್ದಾರೆ. ಏಳು ಜನ ಇದ್ದೂ ಮಧ್ಯಾಹ್ನ 12ರಿಂದ 2ರವರೆಗೆ ಕೈ ಸಾಲಲ್ಲ. ಆಯಾ ಡೈಪರ್ ಬದಲಿಸಿ, ಹಾಗೇ ಊಟ ಬಡಿಸೋಕೆ ಓಡ್ತಾರೆ. ಕೆಲಸ ಹೇಗೆ ಹಂಚೋದು?

ಉತ್ತರ 1
ಏಳು ಅಂತ ಎಣಿಸಬೇಡಿ. ಆ ಹೊತ್ತಿನಲ್ಲಿ ಬೇರೆ ಕೆಲಸವಿಲ್ಲದೆ ಮಕ್ಕಳ ಕೋಣೆಯಲ್ಲೇ ಇರುವವರು ಮಾತ್ರ ಲೆಕ್ಕಕ್ಕೆ. 3 ಕೂಸಿಗೆ ಒಬ್ಬರು, ನಡುವಿನ 4 ಮಕ್ಕಳಿಗೆ ಒಬ್ಬರು, ದೊಡ್ಡ 10 ಮಕ್ಕಳಿಗೆ ಒಬ್ಬರು ಅಂತ ಹಿಡಿದರೂ ಐವರು ಬೇಕು. ಇರೋದು ನಾಲ್ವರು.

ಎಂಟು ತಾಸಿನ ಪಾಳಿಯಲ್ಲಿ ಇಬ್ಬರು 8–4, ಇಬ್ಬರು 10–6 ಬಂದರೆ ನಾಲ್ವರೂ ಒಟ್ಟಿಗೆ ಸಿಗೋದು 10ರಿಂದ 4. ಆ ನಡುವೆ ಒಬ್ಬೊಬ್ಬರಾಗಿ ಅರ್ಧರ್ಧ ಗಂಟೆ ಊಟಕ್ಕೆ ಹೋದರೆ ಎರಡು ಗಂಟೆ ಉಳಿಯೋದು ಮೂವರೇ. ನಿಮ್ಮ 12–2 ಅದೇ.

11.30ರಿಂದ 3.30ರವರೆಗೆ ಅರ್ಧ ದಿನದ ಬದಲಿ ಆರೈಕೆದಾರರೊಬ್ಬರು ಬೇಕೇ ಬೇಕು. 12–2 ಮೇಲ್ವಿಚಾರಕಿ ಕಡತ ಮುಚ್ಚಿಟ್ಟು ದೊಡ್ಡ ಮಕ್ಕಳ ಕೋಣೆಯಲ್ಲಿರಲಿ. "ತೊಂದರೆಯಾದ್ರೆ ಕರೀರಿ" ಅನ್ನೋದು ನಡೆಯಲ್ಲ, ಪಟ್ಟಿಯಲ್ಲೇ ಬರೆದಿರಬೇಕು. 10ಕ್ಕೆ ಮುಂಚೆ, 4ರ ನಂತರ ಎಷ್ಟು ಮಕ್ಕಳಿರ್ತಾರೆ ಅಂತ ಹಾಜರಿ ಪುಸ್ತಕದಲ್ಲಿ ಎರಡು ವಾರದ್ದು ನೋಡಿ ಪಾಳಿ ಜರುಗಿಸಿ.

ಉತ್ತರ 2
ಡೈಪರ್ ಮುಟ್ಟಿದ ಕೈ ಊಟಕ್ಕೆ ಹೋಗೋದನ್ನ ಇವತ್ತೇ ನಿಲ್ಲಿಸಿ. ಒಂದು ಮಗುವಿನ ಭೇದಿ ಇಡೀ ಕೋಣೆಗೆ ಹರಡೋದು ಹೀಗೆಯೇ.

ಡೈಪರ್ ಬದಲಿಸುವಾಗ ಸಾಮಾನೆಲ್ಲ ಮೊದಲೇ ಕೈಗೆಟುಕುವಂತೆ ಇಟ್ಟುಕೊಂಡು ಮಗುವನ್ನು ಮಲಗಿಸಿ. ಮುಗಿಯುವವರೆಗೆ ಒಂದು ಕೈ ಮಗುವಿನ ಮೇಲೆಯೇ ಇರಲಿ. ಮುಂದಿನಿಂದ ಹಿಂದಕ್ಕೆ ಒರೆಸಿ. ಆಮೇಲೆ ಮಗುವಿನ ಕೈಯನ್ನೂ ತೊಳೆಯಬೇಕು, ಎಲ್ಲರೂ ಮರೆಯೋದು ಇದನ್ನೇ. ಹಾಸನ್ನು ಮೊದಲು ಸೋಪು ನೀರಲ್ಲಿ, ನಂತರ ಸೋಂಕುನಿವಾರಕದಲ್ಲಿ ಒರೆಸಿ. ಹಾಕಿದ ತಕ್ಷಣ ಬಟ್ಟೆಯಿಂದ ಒಣಗಿಸಿದರೆ ಅದು ಕೆಲಸ ಮಾಡಲ್ಲ. ಬಾಟಲಿ ಮೇಲೆ ಬರೆದಷ್ಟು ನಿಮಿಷ ಹಸಿಯಾಗಿರಲಿ. ಕೊನೆಗೆ ನಿಮ್ಮ ಕೈ, ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ.

ಕೇಳಿದವರು
ಹಾಗಾದ್ರೆ ಅಡುಗೆಯವರೇ ಬಡಿಸಬಹುದಾ?

ಉತ್ತರ 2
ಬಡಿಸಲಿ. ಒಲೆ ಆರಿಸಿ, ಅಡುಗೆಮನೆ ಚಿಲಕ ಹಾಕಿ ಬರಬೇಕು ಅಷ್ಟೆ. ಕೂಸುಗಳಿಗೆ ಉಣಿಸೋದು ಮಾತ್ರ ಅವರವರ ಆರೈಕೆದಾರರೇ.

ಉತ್ತರ 3
ಆ ಕೊನೆಯ ಮಾತು ಮುಖ್ಯ. ಮೂರು ಮೂರು ಕೂಸುಗಳನ್ನ ಒಬ್ಬೊಬ್ಬರ ಹೆಸರಿಗೆ ಬರೆಯಿರಿ, ದಿನಾ ಮುಖ ಬದಲಾದರೆ ಕೂಸು ಉಣ್ಣಲ್ಲ, ಮಲಗಲ್ಲ. 8–4 ಪಾಳಿಯವರಿಗೆ 10–6ರವರೊಬ್ಬರು ಜೋಡಿ. 4 ಗಂಟೆಗೆ ಕೈ ಬದಲಾಗುವಾಗ ಚೀಟಿಯಲ್ಲಿ ಕೊನೆಯ ಹಾಲು ಎಷ್ಟು ಹೊತ್ತಿಗೆ, ಎಷ್ಟು ಮಿಲಿ, ನಿದ್ದೆ, ಡೈಪರ್, ಔಷಧಿ ಇದ್ದರೆ ಅದರ ಹೊತ್ತು ಇರಬೇಕು. ಬಾಯಿಮಾತಲ್ಲಿ ಹೇಳಿದರೆ ಒಂದೇ ಔಷಧಿ ಎರಡು ಸಲ ಹೊಟ್ಟೆಗೆ ಹೋಗುತ್ತೆ.

ಕೂಸನ್ನು ಅಂಗಾತ ಮಲಗಿಸಿ. ತೊಟ್ಟಿಲಲ್ಲಿ ದಿಂಬು, ಗೊಂಬೆ ಏನೂ ಬೇಡ. 10 ನಿಮಿಷಕ್ಕೊಮ್ಮೆ ಬಾಗಿಲಿಂದ ಇಣುಕಿದರೆ ಸಾಲದು, ಹತ್ತಿರ ಹೋಗಿ ಎದೆ ಏರಿಳಿಯೋದನ್ನ ನೋಡಿ ಹೊತ್ತು ಬರೆಯಬೇಕು.

ಸಂಜೆ ಮಗುವನ್ನು ಕಳಿಸೋ ಹೊಣೆ ಒಬ್ಬರದೇ ಇರಲಿ. ಮಗುವನ್ನು ಕರೆದೊಯ್ಯಬಹುದಾದವರ ಪಟ್ಟಿಯಲ್ಲಿಲ್ಲದವರು ಬಂದರೆ ಪುಸ್ತಕದಲ್ಲಿರೋ ಪೋಷಕರ ನಂಬರಿಗೇ ಫೋನ್ ಮಾಡಿ, ಬಂದವರು ಕೊಟ್ಟ ನಂಬರಿಗಲ್ಲ.