ಹಳೆಯ ರೋಡ್ ಬೈಕಿನ ಬಲಗೈ ಗೇರ್ ಲಿವರ್ ಹಿಡಿಯುತ್ತಿಲ್ಲ: ಹೊಸದು ಹಾಕಿಸಬೇಕೇ, ಬಿಚ್ಚಿ ಸರಿಮಾಡಬಹುದೇ?

ಪ್ರಶ್ನೆ (ಕಾರವಾರದಿಂದ):

ನಮ್ಮ ಮಾವ ಓಡಿಸುತ್ತಿದ್ದ, ಸುಮಾರು ಇಪ್ಪತ್ತು ವರ್ಷ ಹಳೆಯ ಸ್ಟೀಲ್ ಫ್ರೇಮಿನ ರೋಡ್ ಬೈಕ್ ಈಗ ನನ್ನ ಕೈಗೆ ಬಂದಿದೆ. ಹಿಂದಿನ ಚಕ್ರಕ್ಕೆ ಒಂಬತ್ತು ಗೇರುಗಳಿವೆ. ಬ್ರೇಕ್ ಲಿವರನ್ನೇ ಒಳಮುಖವಾಗಿ ಒತ್ತಿದರೆ ಚೈನ್ ದೊಡ್ಡ ಹಲ್ಲುಚಕ್ರಕ್ಕೆ ಏರಬೇಕು, ಅದರ ಹಿಂದಿರುವ ಚಿಕ್ಕ ಲಿವರನ್ನು ಒತ್ತಿದರೆ ಇಳಿಯಬೇಕು. ಎರಡು ಮಳೆಗಾಲ ಅದು ಜಗಲಿಯಲ್ಲೇ ನಿಂತಿತ್ತು. ಈಗ ಇಳಿಸುವುದು ಸರಿಯಾಗಿಯೇ ಆಗುತ್ತದೆ, ಆದರೆ ಏರಿಸಲು ಹೋದರೆ ಟಕ್ ಎಂಬ ಸದ್ದೇ ಇಲ್ಲದೆ ಲಿವರ್ ಅಗಳಿ ಇಲ್ಲದ ಬಾಗಿಲಿನಂತೆ ಆಚೀಚೆ ಆಡುತ್ತದೆ. ಐದಾರು ಸಲ ಒತ್ತಿದರೆ ಒಮ್ಮೆ ಹಿಡಿಯುತ್ತದೆ. ಬೆಳಗಿನ ಹೊತ್ತು ಈ ತೊಂದರೆ ಹೆಚ್ಚು, ಬಿಸಿಲೇರಿದ ಮೇಲೆ ಸ್ವಲ್ಪ ಕಡಿಮೆ. ಅಂಕೋಲೆಯ ಕಡೆಗೆ ಹೊರಟಾಗ ಬಿಣಗಾ ಏರಿನಲ್ಲಿ ಇಳಿದು ತಳ್ಳಬೇಕಾಯಿತು. ಒಳಗಿನ ಹಲ್ಲು ಸವೆದಿದೆ, ಹೊಸ ಜೋಡಿಯನ್ನೇ ಹಾಕಿಸಿ ಎಂದು ಒಬ್ಬ ಮೆಕ್ಯಾನಿಕ್ ಹೇಳಿದ್ದಾರೆ. ಮಾವನವರ ಸೈಕಲ್ಲನ್ನು ಆದಷ್ಟು ಇದ್ದ ಹಾಗೆಯೇ ಉಳಿಸಿಕೊಳ್ಳಬೇಕೆಂಬ ಆಸೆ ನನ್ನದು. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ (ಸಿರಸಿಯಿಂದ):

ಬೆಳಿಗ್ಗೆ ಹೆಚ್ಚು, ಬಿಸಿಲೇರಿದ ಮೇಲೆ ಕಡಿಮೆ ಎಂದು ಬರೆದಿದ್ದೀರಲ್ಲ, ಅದರಲ್ಲೇ ಅರ್ಧ ಉತ್ತರವಿದೆ. ಸವೆದ ಹಲ್ಲಿಗೆ ಬೆಳಗು ಮಧ್ಯಾಹ್ನಗಳ ಭೇದವಿಲ್ಲ. ಆ ಭೇದ ಇರುವುದು ಹಳೆಯ ಗ್ರೀಸಿಗೆ. ಹೊಸ ಜೋಡಿಯ ಮಾತನ್ನು ಸದ್ಯಕ್ಕೆ ಬದಿಗಿಡಿ.

ಜಪಾನಿನ ಶಿಮಾನೋ ಕಂಪನಿ 1990ರಲ್ಲಿ ಬ್ರೇಕು ಮತ್ತು ಗೇರು ಒಂದೇ ಲಿವರಿನಲ್ಲಿರುವ ಈ ಬಗೆಯನ್ನು ಮಾರುಕಟ್ಟೆಗೆ ತಂದಿತು. ಇದರ ಒಳಗೆ ಹಲ್ಲುಗಳಿರುವ ಒಂದು ಬಿಲ್ಲೆ ಇದೆ, ಆ ಹಲ್ಲಿಗೆ ಸಿಕ್ಕಿ ಬಿಲ್ಲೆಯನ್ನು ತಿರುಗಿಸುವ ಪುಟ್ಟ ಕೊಕ್ಕೆ ಇದೆ, ಕೊಕ್ಕೆಯನ್ನು ಹಲ್ಲಿನ ಕಡೆಗೆ ತಳ್ಳಲು ಕೂದಲೆಳೆಯಂಥ ಸ್ಪ್ರಿಂಗ್ ಇದೆ. ನೀವು ಲಿವರ್ ಒತ್ತಿದಾಗ ಕೊಕ್ಕೆ ಹಲ್ಲಿನ ಸಂದಿಗೆ ಬಿದ್ದರೆ ಮಾತ್ರ ಬಿಲ್ಲೆ ತಿರುಗಿ ಕೇಬಲ್ಲನ್ನು ಎಳೆಯುತ್ತದೆ. ವರ್ಷಗಟ್ಟಲೆ ನಿಂತ ಸೈಕಲ್ಲಿನಲ್ಲಿ ಗ್ರೀಸ್ ಒಣಗಿ, ಡಬ್ಬಿಯ ತಳದಲ್ಲಿ ಉಳಿದ ಜೋನಿ ಬೆಲ್ಲದ ಹಾಗೆ ಅಂಟಾಗಿಬಿಡುತ್ತದೆ. ಆ ಅಂಟಿನಿಂದ ಕೊಕ್ಕೆಯನ್ನು ಬಿಡಿಸುವಷ್ಟು ಬಲ ಆ ಸ್ಪ್ರಿಂಗಿಗೆ ಇಲ್ಲ. ಕೊಕ್ಕೆ ಬೀಳದಿದ್ದರೆ ಲಿವರ್ ಸುಮ್ಮನೆ ಆಡುತ್ತದೆ, ನಿಮ್ಮದು ಆಡುತ್ತಿರುವ ಹಾಗೆಯೇ.

ಮೊದಲು ಒಂದು ಪರೀಕ್ಷೆ ಮಾಡಿ. ಹಿಂದಿನ ಡಿರೈಲರಿನ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಬೋಲ್ಟ್ ಸಡಿಲಿಸಿ ಕೇಬಲ್ಲನ್ನು ಬಿಡಿಸಿಕೊಳ್ಳಿ. ಅದರ ತುದಿಯನ್ನು ಇಕ್ಕಳದಲ್ಲಿ ಹಿಡಿದು ಬಿಗಿಯಾಗಿ ಎಳೆದುಕೊಂಡೇ ಲಿವರನ್ನು ಒತ್ತುತ್ತಾ ಹೋಗಿ, ಏಕೆಂದರೆ ಕೇಬಲ್ಲಿಗೆ ಬಿಗಿ ಇಲ್ಲದಿದ್ದರೆ ಇಳಿಸುವ ಲಿವರ್ ಸರಿಯಾಗಿದ್ದರೂ ಕೆಟ್ಟಂತೆ ತೋರುತ್ತದೆ. ಒಂಬತ್ತು ಗೇರಿಗೆ ಎಂಟು ಕ್ಲಿಕ್ ಸಿಗಬೇಕು. ಎಂಟೂ ಸ್ಪಷ್ಟವಾಗಿ ಸಿಕ್ಕರೆ ದೋಷ ಲಿವರಿನದಲ್ಲ, ಕೇಬಲ್ಲಿನದು. ಸಿಗದಿದ್ದರೆ ಮಾತ್ರ ಮುಂದಿನ ಕೆಲಸ.

ಚಿಕ್ಕ ಲಿವರನ್ನು ಒತ್ತಿ ಒತ್ತಿ ಕೊನೆಯ ಚಿಕ್ಕ ಗೇರಿಗೆ ತನ್ನಿ; ಆಗ ಕೇಬಲ್ಲಿನ ಗುಂಡು ಅದರ ಗೂಡಿನಿಂದ ಹೊರಗೆ ಬರುತ್ತದೆ. ಬ್ರೇಕ್ ಕೇಬಲ್ಲನ್ನೂ ತೆಗೆಯಿರಿ. ಹ್ಯಾಂಡಲಿಗೆ ಸುತ್ತಿದ ಬಾರ್ ಟೇಪ್ ಬಿಚ್ಚಿ, ರಬ್ಬರ್ ಹೊದಿಕೆಯನ್ನು ಮಡಚಿ, 5 ಮಿಲಿಮೀಟರಿನ ಅಲೆನ್ ಕೀಯಿಂದ ಲಿವರನ್ನು ಹ್ಯಾಂಡಲಿನಿಂದ ಇಳಿಸಿ, ರಬ್ಬರನ್ನು ಪೂರ್ತಿ ಕಳಚಿಡಿ. ಲಿವರ್ ಸೈಕಲ್ಲಿನಲ್ಲೇ ಇರುವಾಗ ತೊಳೆಯಬೇಡಿ. ಒಂದು ಹನಿ ರಿಮ್ಮಿಗೆ ಅಥವಾ ಬ್ರೇಕ್ ರಬ್ಬರಿಗೆ ತಾಗಿದರೂ ಬ್ರೇಕ್ ಹಿಡಿಯುವುದಿಲ್ಲ.

ಬಳಿಕ ಸೀಮೆಎಣ್ಣೆಯನ್ನೋ ಡಬ್ಲ್ಯುಡಿ-40 ತರಹದ ತೆಳು ದ್ರವವನ್ನೋ ಒಳಗಿನ ಹಲ್ಲಿನ ಭಾಗಕ್ಕೆ ಧಾರಾಳವಾಗಿ ಬಿಡಿ. ಪೆಟ್ರೋಲ್ ಮಾತ್ರ ಬೇಡ, ಬೆಂಕಿಯ ಭಯವಿದೆ. ಎರಡೂ ಲಿವರುಗಳನ್ನು ನೂರು ಸಲ, ಇನ್ನೂರು ಸಲ ಒತ್ತಿ. ಕಪ್ಪು ನೀರು ಇಳಿಯುತ್ತದೆ. ರಾತ್ರಿಯಿಡೀ ತಲೆಕೆಳಗಾಗಿ ಇಟ್ಟು ಮರುದಿನ ಪುನಃ ಮಾಡಿ. ಮೊದಲ ದಿನ ಏನೂ ಆಗಲಿಲ್ಲವೆಂದು ಕೈಬಿಟ್ಟವರೇ ಹೆಚ್ಚು. ನಾನು ಸರಿಮಾಡಿದ ಒಂದು ಲಿವರ್ ಮೂರನೆಯ ದಿನ ಸಂಜೆ ಹಿಡಿಯಿತು. ಇಳಿಯುವ ದ್ರವ ತಿಳಿಯಾದ ಮೇಲೆ ಚೆನ್ನಾಗಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ನಾಲ್ಕಾರು ಹನಿ ಬಿಡಿ. ತೊಳೆದ ದ್ರವವನ್ನೇ ಎಣ್ಣೆಯೆಂದು ಬಿಟ್ಟುಬಿಡಬಾರದು. ಅದು ಆರಿದ ಮೇಲೆ ಲೋಹ ಒಣಗಿ ಉಜ್ಜುತ್ತದೆ. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆಯನ್ನಂತೂ ಹಾಕಲೇಬೇಡಿ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಸಿರಸಿಯ ಚಳಿಗಾಲದ ಬೆಳಗಿನಲ್ಲಿ ಬಾಟಲಿಯೊಳಗೇ ಬಿಳಿಯ ಗಟ್ಟಿಯಾಗಿ ಕೂತಿರುತ್ತದೆ.

ನಡುವಿನ ಮುಖ್ಯ ಸ್ಕ್ರೂ ಬಿಚ್ಚಿ ಹಲ್ಲಿನ ಬಿಲ್ಲೆಯನ್ನು ಹೊರಗೆ ತೆಗೆಯುವ ಸಾಹಸ ಬೇಡ. ಸುತ್ತಿ ಬಿಗಿಮಾಡಿದ ಸ್ಪ್ರಿಂಗ್ ಹಾರಿಹೋದರೆ ಅದನ್ನು ಮೊದಲಿನ ಬಿಗಿಗೆ ಕೂರಿಸುವುದು ಬಹಳ ಕಷ್ಟ, ಒಳಗಿನ ಬಿಡಿಭಾಗಗಳೂ ಸುಲಭವಾಗಿ ಸಿಗುವುದಿಲ್ಲ. ಇಟಲಿಯ ಕ್ಯಾಂಪಾಗ್ನೋಲೋ ಕಂಪನಿಯ ಹಳೆಯ ಎರ್ಗೋಪವರ್ ಲಿವರುಗಳ ವಿಷಯ ಬೇರೆ. ಅವುಗಳನ್ನು ಪೂರ್ತಿ ಬಿಚ್ಚಿ, ಕ್ಲಿಕ್ ಕೊಡುವ ಸಣ್ಣ ಸ್ಪ್ರಿಂಗುಗಳನ್ನು ಬದಲಿಸಿ ಪುನಃ ಜೋಡಿಸಬಹುದು.

ಉತ್ತರ (ಕುಮಟೆಯಿಂದ):

ಸಿರಸಿಯವರು ಹೇಳಿದ್ದಕ್ಕೆ ಕರಾವಳಿಯವನಾಗಿ ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಉಪ್ಪುಗಾಳಿಗೆ ಕೇಬಲ್ಲಿನ ಔಟರ್ (ಹೊರಕವಚ) ಹೊರಗೆ ಹೊಸದರಂತೆ ಕಂಡರೂ ಒಳಗೆ ತುಕ್ಕು ತುಂಬಿರುತ್ತದೆ. ಈ ಬಗೆಯ ಒಂಬತ್ತು ಗೇರಿನ ಲಿವರ್ ಒಂದು ಕ್ಲಿಕ್ಕಿಗೆ ಎಳೆಯುವುದು ಸುಮಾರು 2.5 ಮಿಲಿಮೀಟರ್ ಕೇಬಲ್ಲನ್ನು ಮಾತ್ರ. ಅದರಲ್ಲಿ ಅರ್ಧ ಮಿಲಿಮೀಟರ್ ತುಕ್ಕಿನಲ್ಲಿ ಸಿಕ್ಕಿಕೊಂಡರೂ ಚೈನ್ ಎರಡು ಹಲ್ಲುಚಕ್ರಗಳ ನಡುವೆ ಕರಕರ ಎನ್ನುತ್ತದೆ. ಆದ್ದರಿಂದ ಲಿವರ್ ಸರಿಯಾದ ಮೇಲೆ ಕೇಬಲ್ಲನ್ನೂ ಔಟರನ್ನೂ ಕಡ್ಡಾಯವಾಗಿ ಬದಲಿಸಿ, ಮತ್ತು ಗೇರಿನ ಔಟರನ್ನೇ ಕೇಳಿ ಪಡೆಯಿರಿ. ಬ್ರೇಕಿನ ಔಟರಿನೊಳಗೆ ತಂತಿ ಸುರುಳಿಯಾಗಿ ಸುತ್ತಿರುವುದರಿಂದ ಅದು ಎಳೆತಕ್ಕೆ ಕುಗ್ಗಿ ಗೇರ್ ತಪ್ಪುತ್ತದೆ. ಗೇರಿನದರಲ್ಲಿ ತಂತಿಗಳು ಉದ್ದಕ್ಕೆ ಸಾಲಾಗಿರುತ್ತವೆ.

ಮರುಮಾತು (ಕಾರವಾರದಿಂದ):

ಇಬ್ಬರಿಗೂ ಮನಃಪೂರ್ವಕ ಕೃತಜ್ಞತೆಗಳು. ಪರೀಕ್ಷೆಯಲ್ಲಿ ಎಂಟರಲ್ಲಿ ಎರಡೇ ಕ್ಲಿಕ್ ಸಿಕ್ಕಿದ್ದವು. ಸೀಮೆಎಣ್ಣೆ ಬಿಟ್ಟ ಮೊದಲ ದಿನ ಬಟ್ಟಲಿಗೆ ಇಳಿದದ್ದು ಕಾಡಿಗೆಯಂಥ ಕಪ್ಪು. ಎರಡನೆಯ ದಿನ ಮಧ್ಯಾಹ್ನ, ಒತ್ತುತ್ತಿದ್ದ ಹಾಗೆಯೇ ಹೆಬ್ಬೆರಳಿಗೆ ಏನೋ ಗಟ್ಟಿಯಾಗಿ ತಾಗಿ ಟಕ್ ಎಂದಿತು, ಆಮೇಲೆ ಒಂದೂ ತಪ್ಪಲಿಲ್ಲ, ಎಂಟೂ ಬಂದವು. ಹಳೆಯ ಕೇಬಲ್ಲನ್ನು ಬೆಳಕಿಗೆ ಹಿಡಿದು ನೋಡಿದರೆ ಗುಂಡಿನಿಂದ ಒಂದು ಅಂಗುಲ ಕೆಳಗೆ ಮೂರು ಎಳೆ ತುಂಡಾಗಿ ಮುಳ್ಳಿನಂತೆ ಎದ್ದಿದ್ದವು. ಹೊಸ ಕೇಬಲ್, ಗೇರಿನದೇ ಔಟರ್ ಹಾಕಿದ್ದೇನೆ. ಈಗ ಉಳಿದಿರುವುದು ಒಂದೇ ತೊಡಕು: ಏರುವಾಗ ಚೈನ್ ಸ್ವಲ್ಪ ತಡಮಾಡುತ್ತದೆ, ಇಳಿಯುವಾಗ ಮಾಡುವುದಿಲ್ಲ.

ಉತ್ತರ (ಸಿರಸಿಯಿಂದ):

ಏರುವಾಗ ತಡವೆಂದರೆ ಕೇಬಲ್ ಸಡಿಲವಾಗಿದೆ ಎಂದರ್ಥ. ಹೊಸ ಔಟರಿನ ತುದಿಗಳು ತಮ್ಮ ಗೂಡಿನಲ್ಲಿ ಗಟ್ಟಿಯಾಗಿ ಕೂರುವವರೆಗೆ ಹೀಗಾಗುವುದು ಸಹಜ. ಹಿಂದಿನ ಡಿರೈಲರಿಗೆ ಕೇಬಲ್ ಸೇರುವಲ್ಲಿರುವ ತಿರುಪನ್ನು, ಹಿಂದಿನಿಂದ ನೋಡಿದಾಗ ಅಪ್ರದಕ್ಷಿಣವಾಗಿ, ಅರ್ಧ ಅರ್ಧ ಸುತ್ತು ತಿರುಗಿಸಿ ಪ್ರತಿ ಸಲವೂ ಪರೀಕ್ಷಿಸಿ. ಇಳಿಯುವಾಗ ತಡವಾಗಲು ಶುರುವಾದರೆ ಕಾಲು ಸುತ್ತು ಹಿಂದಕ್ಕೆ ತನ್ನಿ. ಐವತ್ತು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ, ಬಾರ್ ಟೇಪನ್ನು ಅಲ್ಲಿಯವರೆಗೆ ಸುತ್ತಬೇಡಿ.