600 ಮೈಲಿ ಅಂತ ಹೆಸರಿಟ್ಟು 373ಕ್ಕೆ ನಿಲ್ಲಿಸಿದ್ದು ಸರಿಯಾ?

ಓವಲ್_ರಂಗ · ಮೇ 27, 2024

ನಿನ್ನೆ ಕೋಕಾ-ಕೋಲಾ 600 ಕಾರ್ ರೇಸ್ ನೋಡಲು ಅಮೆರಿಕದ ಶಾರ್ಲೆಟ್ ಮೋಟರ್ ಸ್ಪೀಡ್‌ವೇಗೆ ಹೋಗಿದ್ದೆ. ಜೊತೆಗೆ ಹನ್ನೊಂದು ವರ್ಷದ ಮಗಳು. ಅವಳಿಗೆ ಇದು ಮೊದಲ ರೇಸ್. ಮನೆ ಸೇರಿದಾಗ ಒಂದು ಗಂಟೆ ದಾಟಿತ್ತು. ನಿದ್ದೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೋಡದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಒಂದೂವರೆ ಮೈಲಿಯ ಟ್ರ್ಯಾಕ್, 400 ಸುತ್ತು, ಒಟ್ಟು 600 ಮೈಲಿ. ನ್ಯಾಸ್ಕಾರ್‌ನಲ್ಲಿ, ಅಂದರೆ ಅಮೆರಿಕದ ಸ್ಟಾಕ್ ಕಾರ್ ರೇಸ್ ಸರಣಿಯಲ್ಲಿ, ಇದಕ್ಕಿಂತ ಉದ್ದದ ರೇಸ್ ಇಲ್ಲ. 249 ಸುತ್ತು ಆಗುವಷ್ಟರಲ್ಲಿ ಮಳೆ ಬಂತು, ರೇಸ್ ತಡೆಯುವ ಕೆಂಪು ಬಾವುಟ ಬಂತು. ಆಮೇಲೆ ಮಳೆ ನಿಂತಿತು. ಟ್ರ್ಯಾಕ್ ಒಣಗಿಸುವ ಗಾಡಿಗಳು ಸುತ್ತು ಹಾಕುತ್ತಿದ್ದವು. ನಾವು ಕಾಯುತ್ತಾ ಕೂತೆವು. ರಾತ್ರಿ ಹನ್ನೊಂದು ದಾಟಿದ ಮೇಲೆ ರೇಸ್ ಇಲ್ಲಿಗೇ ಮುಗಿಯಿತು ಅಂದರು. ಆಗ ಮುಂದಿದ್ದ ಕ್ರಿಸ್ಟೋಫರ್ ಬೆಲ್ ಗೆದ್ದ. ಓಡಿದ್ದು 373.5 ಮೈಲಿ.

ಮಗಳು ನೋಟ್‌ಬುಕ್ಕಿನಲ್ಲಿ ಎಂಟು ಸಾಲು ಗೆರೆ ಹಾಕಿಕೊಂಡು ಬಂದಿದ್ದಳು. ಪ್ರತಿ 50 ಸುತ್ತಿಗೆ ಯಾರು ಮುಂದಿದ್ದಾರೆ ಅಂತ ಬರೆಯಲು. ನಾಲ್ಕು ಸಾಲು ತುಂಬಿತು. 250ರ ಸಾಲಿಗೆ ಒಂದೇ ಒಂದು ಸುತ್ತು ಬಾಕಿ ಇತ್ತು.

ಈ ರೇಸಿನ ಜೀವ ಇರುವುದೇ ಕೊನೆಯ ಭಾಗದಲ್ಲಿ. ಬಿಸಿಲಲ್ಲಿ ಶುರುವಾಗಿ ದೀಪದ ಬೆಳಕಲ್ಲಿ ಮುಗಿಯುತ್ತದೆ. ಸಂಜೆ ಟ್ರ್ಯಾಕ್ ಬಿಸಿ ಇರುತ್ತದೆ, ಟೈರಿಗೆ ಹಿಡಿತ ಕಡಿಮೆ. ರಾತ್ರಿ ತಣ್ಣಗಾದಂತೆ ಹಿಡಿತ ಹೆಚ್ಚುತ್ತದೆ. ಆರು ಗಂಟೆಗೆ ಚೆನ್ನಾಗಿ ಓಡಿದ ಕಾರು ಒಂಬತ್ತಕ್ಕೆ ಮಾತೇ ಕೇಳುವುದಿಲ್ಲ. ಟೈರ್ ಬದಲಿಸಲು, ಇಂಧನ ತುಂಬಲು ಪಿಟ್‌ಗೆ ಬಂದಾಗಲೆಲ್ಲ ತಂಡದವರು ಸ್ವಲ್ಪ ಸ್ವಲ್ಪ ಸರಿಮಾಡುತ್ತಾ ಹೋಗಬೇಕು. ಎಂಜಿನ್, ಡ್ರೈವರ್, ಪಿಟ್ ಹುಡುಗರು, ಎಲ್ಲರೂ ಸುಸ್ತಾದ ಮೇಲೆ ಯಾರು ಉಳಿಯುತ್ತಾರೆ ಅಂತ ನೋಡುವ ರೇಸ್ ಇದು. ಆ 151 ಸುತ್ತನ್ನೇ ಕತ್ತರಿಸಿದರೆ 600 ಅಂತ ಯಾಕೆ ಕರೆಯಬೇಕು?

ಇವತ್ತು ಮೆಮೋರಿಯಲ್ ಡೇ, ಮಡಿದ ಸೈನಿಕರನ್ನು ನೆನೆಯುವ ದಿನ, ರಜೆ. ಹೆಚ್ಚಿನ ತಂಡಗಳ ವರ್ಕ್‌ಶಾಪ್ ಇಲ್ಲೇ ಸುತ್ತಮುತ್ತ ಇದೆ. ಹೆಂಡ್ರಿಕ್ ತಂಡದವರದಂತೂ ಟ್ರ್ಯಾಕಿನ ಪಕ್ಕದಲ್ಲೇ. ಎಲ್ಲರೂ ಮನೆಗೆ ಹೋಗಿ ಮಲಗಿ, ಮಧ್ಯಾಹ್ನ ಬಂದು ಉಳಿದದ್ದನ್ನು ಓಡಿಸಬಹುದಿತ್ತು.

ಪಿಟ್‌ಲೇನ್_ಪದ್ಮ · ಮೇ 27

ರಂಗ ಅವರೇ, ಮಗಳ ನೋಟ್‌ಬುಕ್ಕಿನ ವಿಷಯ ಓದಿ ಬೇಜಾರಾಯಿತು. ಆದರೆ ತೀರ್ಮಾನ ತಪ್ಪು ಅಂತ ನನಗೆ ಅನಿಸುವುದಿಲ್ಲ.

ಅರ್ಧ ರೇಸ್ ಮುಗಿದರೆ ಫಲಿತಾಂಶ ಅಧಿಕೃತ. ಈ ನಿಯಮ ಎಲ್ಲ ತಂಡಕ್ಕೂ ಗೊತ್ತು. 200 ಸುತ್ತು ದಾಟಿತ್ತು. ಮಳೆ ನಿಂತಿದ್ದರೂ ಗಾಳಿಯಲ್ಲಿ ತೇವ ಜಾಸ್ತಿ ಇತ್ತು. ಅಂಥ ರಾತ್ರಿ ಟ್ರ್ಯಾಕ್ ಬೇಗ ಒಣಗಲ್ಲ. ಮೇಲೆ ಒಣಗಿದಂತೆ ಕಂಡರೂ ಡಾಂಬರಿನ ಬಿರುಕಿನಿಂದ ನೀರು ಜಿನುಗುತ್ತದೆ. ತಿರುವಿನಲ್ಲಿ 24 ಡಿಗ್ರಿ ಓರೆ, ಕಾರಿಗೆ ಗೆರೆಯಿಲ್ಲದ ನುಣುಪು ಟೈರ್. ಅಂಗೈಯಗಲ ಒದ್ದೆ ಇದ್ದರೂ ಸಾಕು, ಕಾರು ನೇರ ಗೋಡೆಗೆ. ಒಂದು ಗಂಟೆಗೆ ಶುರು ಮಾಡಿದ್ದರೂ ಮುಗಿಯುವಾಗ ಮೂರು ಆಗುತ್ತಿತ್ತು.

ಬಸವನಗುಡಿ_ಬೌಲರ್ · ಮೇ 27

ನಾನು ಕ್ರಿಕೆಟ್ ಕಡೆಯವನು, ಈ ರೇಸ್ ನೋಡಲು ಶುರು ಮಾಡಿ ಎರಡು ವರ್ಷ. ಇಲ್ಲಿ ಬೆಂಗಳೂರಲ್ಲಿ ಸೋಮವಾರ ಬೆಳಗಿನ ಜಾವ ಮೂರೂವರೆಗೆ ಅಲಾರಂ ಇಟ್ಟು ಎದ್ದಿದ್ದೆ.

ಮೇ 18ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ–ಚೆನ್ನೈ ಪಂದ್ಯ ನೆನಪಿದೆಯಲ್ಲ? ಮೂರು ಓವರ್ ಆದ ಮೇಲೆ ಮಳೆ ಬಂತು. ಎಲ್ಲರೂ ಕಾದರು. ಆಮೇಲೆ ಪೂರ್ತಿ 20 ಓವರ್ ಆಡಿ 27 ರನ್ನಿನಿಂದ ಗೆದ್ದೆವು. ಮಳೆ ನಿಂತ ಮೇಲೂ ಆಟ ನಿಲ್ಲಿಸಿದರೆ ನೋಡುವವನಿಗೆ ಹೊಟ್ಟೆ ಉರಿಯುತ್ತದೆ.

ಪಿಟ್‌ಲೇನ್_ಪದ್ಮ · ಮೇ 27

ಚಿನ್ನಸ್ವಾಮಿಯಲ್ಲಿ ಹುಲ್ಲಿನ ಕೆಳಗೆ ಮರಳು, ಅದರಡಿ ನೀರು ಹೀರುವ ಸಬ್‌ಏರ್ ಪೈಪು. ಇಲ್ಲಿ ಒಂದೂವರೆ ಮೈಲಿ ಡಾಂಬರು. ಬಿಸಿಲೂ ಇಲ್ಲ. ಗಾಳಿ ಊದಿ, ನೀರು ಹೀರಿ ಒಣಗಿಸುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ಎಫ್‌ಒನ್_ಕಿಟ್ಟಿ · ಮೇ 27

ಮಳೆ ಟೈರ್ ಇದೆಯಲ್ಲ ಮೇಡಂ? ಮಾರ್ಚ್ 31ರಂದು ರಿಚ್ಮಂಡ್‌ನಲ್ಲಿ ಅದೇ ಟೈರ್ ಹಾಕಿ ರೇಸ್ ಶುರು ಮಾಡಿದ್ದರು.

ಪಿಟ್‌ಲೇನ್_ಪದ್ಮ · ಮೇ 27

ಕಿಟ್ಟಿ, ರಿಚ್ಮಂಡ್ ಮುಕ್ಕಾಲು ಮೈಲಿಯ ಟ್ರ್ಯಾಕ್. ಅಲ್ಲಿ ವೇಗ ಕಡಿಮೆ, ಓರೆ ಕಡಿಮೆ. ಶಾರ್ಲೆಟ್‌ನಲ್ಲಿ ಕ್ವಾಲಿಫೈಯಿಂಗ್ ವೇಗ ಗಂಟೆಗೆ 180 ಮೈಲಿ ದಾಟುತ್ತದೆ. ಆ ವೇಗಕ್ಕೆ ಆ ಟೈರ್ ಮಾಡಿಲ್ಲ.

ಎಫ್‌ಒನ್_ಕಿಟ್ಟಿ · ಮೇ 27

ಸರಿ, ಒಪ್ಪಿದೆ. ಆದರೆ ನನಗೆ 2021ರ ಬೆಲ್ಜಿಯಂ ಎಫ್‌ಒನ್ ರೇಸ್ ನೆನಪಾಗುತ್ತಿದೆ. ಅಲ್ಲಿನ ಸ್ಪಾ ಟ್ರ್ಯಾಕಿನಲ್ಲಿ, ನಿಧಾನವಾಗಿ ಮುಂದೆ ಹೋಗುವ ಸೇಫ್ಟಿ ಕಾರಿನ ಹಿಂದೆ ಕೆಲವೇ ಸುತ್ತು ಹೋಗಿ ರೇಸ್ ಆಯಿತು ಅಂದರು, ಅರ್ಧ ಪಾಯಿಂಟ್ ಕೊಟ್ಟರು. ಇಡೀ ದಿನ ಮಳೆಯಲ್ಲಿ ನಿಂತಿದ್ದ ಜನಕ್ಕೆ ಒಂದು ಓವರ್‌ಟೇಕ್ ಕೂಡ ನೋಡಲು ಸಿಗಲಿಲ್ಲ. ನಿಮಗೆ 249 ಸುತ್ತಾದರೂ ನಿಜವಾದ ರೇಸ್ ಸಿಕ್ಕಿತು, ರಂಗಣ್ಣ.

ಹುಬ್ಬಳ್ಳಿ_ಹೈಬ್ಯಾಂಕ್ · ಮೇ 27

ಲಾರ್ಸನ್ ಬಗ್ಗೆ ಯಾರೂ ಮಾತೇ ಆಡುತ್ತಿಲ್ಲವಲ್ಲ! ಕೈಲ್ ಲಾರ್ಸನ್ ಒಂದೇ ದಿನ ಇಂಡಿಯಾನಾಪೊಲಿಸ್ 500, ಆಮೇಲೆ ಇಲ್ಲಿ 600, ಎರಡನ್ನೂ ಓಡಿಸಲು ಹೊರಟಿದ್ದ. ಒಟ್ಟು 1100 ಮೈಲಿ. ಇಲ್ಲಿವರೆಗೆ ಎರಡನ್ನೂ ಪೂರ್ತಿ ಮುಗಿಸಿದವನು ಟೋನಿ ಸ್ಟೀವರ್ಟ್ ಒಬ್ಬನೇ, ಅದೂ 2001ರಲ್ಲಿ. ಇಂಡಿಯಾನಾಪೊಲಿಸ್‌ನಲ್ಲಿ ಮಳೆಯಿಂದ ನಾಲ್ಕು ತಾಸು ತಡ. ಅಲ್ಲಿ 18ನೆಯವನಾಗಿ ಮುಗಿಸಿ, ವಿಮಾನ, ಹೆಲಿಕಾಪ್ಟರ್ ಹಿಡಿದು ಬಂದ. ಅಲ್ಲಿವರೆಗೆ ಅವನ ಕಾರನ್ನು ಜಸ್ಟಿನ್ ಆಲ್ಗೈಯರ್ ಓಡಿಸುತ್ತಿದ್ದ. ಲಾರ್ಸನ್ ಹೆಲ್ಮೆಟ್ ಹಾಕಿ ಪಿಟ್‌ನಲ್ಲಿ ನಿಂತ, ಮಳೆ ಬಂತು. ಒಂದು ಸುತ್ತೂ ಓಡಿಸಲಿಲ್ಲ. ನನಗೆ ಊಟ ಸೇರಲಿಲ್ಲ ನಿನ್ನೆ.

ಪಿಟ್‌ಲೇನ್_ಪದ್ಮ · ಮೇ 27

ಅವನ ಮುಖ ನೋಡಿ ನನಗೂ ಸಂಕಟವಾಯಿತು. ಆದರೆ ಒಂದು ಮಾತು. ರೇಸ್ ಶುರು ಮಾಡಿದ ಡ್ರೈವರ್ ಹೆಸರಿಗೇ ಫಲಿತಾಂಶ ಹೋಗುವುದು. ಮಧ್ಯದಲ್ಲಿ ಕೂತು ಗೆದ್ದಿದ್ದರೂ ಲಾರ್ಸನ್‌ಗೆ ಪಾಯಿಂಟ್ ಸಿಗುತ್ತಿರಲಿಲ್ಲ.

ಹುಬ್ಬಳ್ಳಿ_ಹೈಬ್ಯಾಂಕ್ · ಮೇ 27

ಪಾಯಿಂಟ್ ಯಾರಿಗೆ ಬೇಕು ಅಕ್ಕಾ? ಮನುಷ್ಯ ಅಷ್ಟು ದೂರದಿಂದ ಓಡಿಸಲಿಕ್ಕೆ ಬಂದಿದ್ದ. ಓಡಿಸಲಿ ಅನ್ನುವುದಷ್ಟೇ ನನ್ನ ಆಸೆ ಇತ್ತು.

ಬೆಲ್_ಬೆಂಬಲಿಗ · ಮೇ 27

ಎಲ್ಲರೂ ಲಾರ್ಸನ್, ಮಳೆ ಅನ್ನುತ್ತಿದ್ದೀರಿ. ಗೆದ್ದವನ ಹೆಸರು ಬೆಲ್. 90 ಸುತ್ತು ಮುಂದಿದ್ದ. ಅವನ ಕಾರು ಚೆನ್ನಾಗಿತ್ತು, ಪಿಟ್ ಹುಡುಗರು ಚೆನ್ನಾಗಿ ಕೆಲಸ ಮಾಡಿದರು. ಮಳೆ ಗೆಲ್ಲಿಸಿತು ಅನ್ನುವುದು ಅವರಿಗೆ ಮಾಡುವ ಅನ್ಯಾಯ. 2009ರಲ್ಲಿ ಇದೇ ರೇಸಿನಲ್ಲಿ ಡೇವಿಡ್ ರಾಯ್ಟಿಮನ್ ಎಲ್ಲರೂ ಪಿಟ್‌ಗೆ ಹೋದಾಗ ಹೊರಗೇ ಉಳಿದು, ಮಳೆ ಬಂದು ಗೆದ್ದ. ಅದು ಬೇರೆ, ಇದು ಬೇರೆ.

ಓವಲ್_ರಂಗ · ಮೇ 27

ಬೆಲ್ ಮೇಲೆ ನನಗೆ ಒಂಚೂರೂ ಸಿಟ್ಟಿಲ್ಲ. ಪೂರ್ತಿ ಓಡಿಸಿದ್ದರೂ ಅವನೇ ಗೆಲ್ಲಬಹುದಿತ್ತು. ಆದರೆ ಆ ಗೆಲುವನ್ನು ನೋಡಲು ನಮಗೆ ಸಿಗಲಿಲ್ಲ. ಅವನಿಗೂ ಸಿಗಲಿಲ್ಲ ಅಲ್ವಾ? ಕೊನೆ ಸುತ್ತು, ಚೆಕರ್ಡ್ ಫ್ಲ್ಯಾಗ್, ಅದೇನೂ ಇಲ್ಲದೆ ಗೆದ್ದ.

ರಾತ್ರಿ ಮೂರರವರೆಗೆ ಓಡಿಸಿ ಅಂತ ನಾನು ಹೇಳುತ್ತಿಲ್ಲ. ಪದ್ಮ ಮೇಡಂ ಹೇಳಿದ ಕಾರಣ ಅರ್ಥವಾಗುತ್ತದೆ. ಕೇಳುವುದು ಇಷ್ಟೇ: ಬೇರೆ ರೇಸಿಗೆ ಅರ್ಧದ ನಿಯಮ ಇರಲಿ, ಈ ಒಂದಕ್ಕೆ ಸೋಮವಾರವನ್ನು ಮೀಸಲು ದಿನ ಮಾಡಿ.

ಬಸವನಗುಡಿ_ಬೌಲರ್ · ಮೇ 27

ಹೋದ ವರ್ಷ ಹಾಗೇ ಆಯಿತಲ್ಲ! ಐಪಿಎಲ್ ಫೈನಲ್ ಮಳೆಯಿಂದ ಮೇ 29ಕ್ಕೆ ಹೋಯಿತು. ಅದೇ ಮೇ 29, ಸೋಮವಾರ, ನಿಮ್ಮ 600 ಕೂಡ ನಡೆಯಿತು, ರಯಾನ್ ಬ್ಲೇನಿ ಗೆದ್ದ. ಹೋದ ವರ್ಷ ಆಗಿದ್ದು ಈ ವರ್ಷ ಯಾಕೆ ಆಗಲಿಲ್ಲ?

ಪಿಟ್‌ಲೇನ್_ಪದ್ಮ · ಮೇ 27

2023ರಲ್ಲಿ ಭಾನುವಾರ ರೇಸ್ ಶುರುವೇ ಆಗಿರಲಿಲ್ಲ. ಅದೇ ವ್ಯತ್ಯಾಸ. ಇನ್ನು, ಸೋಮವಾರಕ್ಕೆ ಹಾಕಿದರೆ ಪೂರ್ತಿ ಆಗುತ್ತದೆ ಅಂತಲೂ ಇಲ್ಲ. ಈಗ ಹೇಳಿದ 2009ರ ರೇಸ್ ಸೋಮವಾರಕ್ಕೆ ಹೋಗಿತ್ತು, ಆದರೂ 227 ಸುತ್ತಿಗೆ ನಿಂತಿತು.

ಇನ್ನೊಂದು ವಿಷಯ ಹೇಳಬೇಕು. ಮಗನ ಶಾಲೆಯ ಬ್ಯಾಂಡಿಗೆ ದುಡ್ಡು ಕೂಡಿಸಲು ನಾನು ಒಂದು ವರ್ಷ ಬೇರೊಂದು ಟ್ರ್ಯಾಕಿನ ತಿಂಡಿ ಸ್ಟಾಲಿನಲ್ಲಿ ನಿಂತಿದ್ದೆ. ಮಧ್ಯಾಹ್ನದಿಂದ ರಾತ್ರಿವರೆಗೆ ಕಾಲ ಮೇಲೆ. ರೇಸ್ ಅಂದರೆ ನಲವತ್ತು ಕಾರು ಮಾತ್ರ ಅಲ್ಲ. ಸ್ಟಾಲ್, ಪಾರ್ಕಿಂಗ್, ಆಂಬುಲೆನ್ಸ್, ಪೊಲೀಸರು, ಕಸ ಗುಡಿಸುವವರು, ಸಾವಿರಾರು ಜನ. ರಾತ್ರಿ ಹನ್ನೊಂದಕ್ಕೆ "ನಾಳೆ ಮತ್ತೆ ಬನ್ನಿ" ಅಂದರೆ ಅವರ ರಜೆಯೂ ಹೋಯಿತು. ತಂಡಗಳ ಮನೆ ಹತ್ತಿರ ಇದೆ ಅಂತ ನೀವು ಹೇಳಿದಿರಿ. ಇವರ ಮನೆ ಎಲ್ಲಿದೆಯೋ.

ಓವಲ್_ರಂಗ · ಮೇ 28

ಇದನ್ನು ನಾನು ಯೋಚಿಸಿರಲಿಲ್ಲ ಮೇಡಂ. ನಿಜ. ಆದರೆ ಮೀಸಲು ದಿನ ಅಂತ ಮೊದಲೇ ಗೊತ್ತಿದ್ದರೆ ಅವರೂ ಅದಕ್ಕೆ ತಕ್ಕಂತೆ ಒಪ್ಪಿಕೊಳ್ಳುತ್ತಾರೆ, ಅದಕ್ಕೆ ದುಡ್ಡೂ ಕೇಳುತ್ತಾರೆ. ರಾತ್ರೋರಾತ್ರಿ ಹೇಳಿದರೆ ಕಷ್ಟ, ಜನವರಿಯಲ್ಲೇ ಹೇಳಿದರೆ ಅಷ್ಟು ಕಷ್ಟ ಇಲ್ಲ.

600ರ ದಿನ ಪ್ರತಿ ಕಾರಿನ ಮುಂಗಾಜಿನ ಮೇಲೆ ಸೇವೆಯಲ್ಲಿ ಪ್ರಾಣ ಕೊಟ್ಟ ಒಬ್ಬ ಸೈನಿಕರ ಹೆಸರು ಇರುತ್ತದೆ. ಅವರ ಮನೆಯವರೂ ಅಲ್ಲಿಗೆ ಬಂದಿರುತ್ತಾರೆ. ಆ ಹೆಸರುಗಳಿಗಾದರೂ 600 ಮೈಲಿ ಪೂರ್ತಿ ಸಿಗಬೇಕಿತ್ತು ಅಂತ ನನ್ನ ಮನಸ್ಸು.

ಹುಬ್ಬಳ್ಳಿ_ಹೈಬ್ಯಾಂಕ್ · ಸೆಪ್ಟೆಂಬರ್ 2, 2024

ಹಳೆ ಚರ್ಚೆ, ಆದರೂ ಬರೆಯದೆ ಇರಲಾಗಲಿಲ್ಲ. ನಿನ್ನೆ ಡಾರ್ಲಿಂಗ್ಟನ್ ರೇಸ್ ಮುಗಿಯಿತು. ರೆಗ್ಯುಲರ್ ಸೀಸನ್ (ಪ್ಲೇಆಫ್‌ಗೆ ಮೊದಲಿನ ರೇಸ್‌ಗಳ) ಪಟ್ಟ ಟೈಲರ್ ರೆಡಿಕ್‌ಗೆ. ಲಾರ್ಸನ್ ಹಿಂದೆ ಬಿದ್ದದ್ದು ಒಂದು ಪಾಯಿಂಟಿನಿಂದ. ಒಂದೇ ಒಂದು. ಪಾಯಿಂಟ್ ಯಾರಿಗೆ ಬೇಕು ಅಂದಿದ್ದೆ ನಾನು. ಇಂಡಿಯಾನಾಪೊಲಿಸ್‌ನಿಂದ ಬೇಗ ಹೊರಟು 600 ಶುರು ಮಾಡಿದ್ದರೆ ಸಾಕಿತ್ತು.

ಓವಲ್_ರಂಗ · ಮೇ 26, 2025

ಒಂದು ವರ್ಷ ಆಯಿತು. ನಿನ್ನೆ ಮತ್ತೆ ಹೋಗಿದ್ದೆವು, ಅದೇ ನೋಟ್‌ಬುಕ್, ಎಂಟು ಸಾಲು.

ರೇಸಿನ ನಾಲ್ಕು ಹಂತಗಳಲ್ಲಿ ಮೊದಲ ಮೂರನ್ನೂ ವಿಲಿಯಂ ಬೈರನ್ ಗೆದ್ದ. ಒಟ್ಟು 283 ಸುತ್ತು ಮುಂದಿದ್ದ. ರಾಸ್ ಚಾಸ್ಟೇನ್ ಶನಿವಾರ ಪ್ರಾಕ್ಟೀಸ್‌ನಲ್ಲಿ ಕಾರು ಜಜ್ಜಿಕೊಂಡಿದ್ದ. ತಂಡದವರು ರಾತ್ರಿಯೆಲ್ಲ ಕೂತು ಇನ್ನೊಂದು ಕಾರು ತಯಾರು ಮಾಡಿದರು. ಎಲ್ಲರಿಗಿಂತ ಹಿಂದೆ, 40ನೇ ಜಾಗದಿಂದ ಹೊರಟ. ಆರು ಸುತ್ತು ಬಾಕಿ ಇರುವಾಗ ಬೈರನ್‌ನನ್ನು ದಾಟಿ ಗೆದ್ದ.

ಮಗಳು ಕೊನೆಯ ಸಾಲಿನಲ್ಲಿ ಬೈರನ್ ಅಂತ ಮೊದಲೇ ಬರೆದಿಟ್ಟಿದ್ದಳು. ಅದನ್ನು ಹೊಡೆದು ಚಾಸ್ಟೇನ್ ಅಂತ ಬರೆದಳು. ನಿಂತುಕೊಂಡೇ ಬರೆದಳು.

ಪಿಟ್‌ಲೇನ್_ಪದ್ಮ · ಮೇ 26, 2025

ಎಂಟೂ ಸಾಲು ತುಂಬಿತಲ್ಲ, ಬಹಳ ಖುಷಿಯಾಯಿತು ರಂಗ ಅವರೇ. ಕೊನೆಯ 150 ಸುತ್ತಿನ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಸೋಮವಾರದ ಮಾತನ್ನು ಮಾತ್ರ ಇನ್ನೂ ಒಪ್ಪಿಲ್ಲ.