‘ಬಿಲ್ಡ್’, ‘ಕಂಪೈಲ್’, ‘ಡಂಪ್’: ಈಮ್ಯಾಕ್ಸ್ ಕೈಪಿಡಿಗೆ ಬೇಕಾದ ಕ್ರಿಯಾಪದಗಳು

ಬಳಗದ ಎಲ್ಲರಿಗೂ ನಮಸ್ಕಾರ.

ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾಗೆ ಸೇರಿದ ತುಮಕೂರಿನ ವಿದ್ಯಾರ್ಥಿಗಳಿಗಾಗಿ ಒಂದು ಸಣ್ಣ ಕೈಪಿಡಿಯನ್ನು ಬರೆಯುತ್ತಿದ್ದೇನೆ. ಗ್ನೂ ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದ ಸೋರ್ಸ್ ಕೋಡನ್ನು, ಅಂದರೆ ಅದನ್ನು ಬರೆದವರು ಬರೆದ ಮೂಲ ಪಠ್ಯವನ್ನು, ಇಳಿಸಿಕೊಂಡು, ಅದರಿಂದ ತಮ್ಮದೇ ಗಣಕದಲ್ಲಿ ಓಡುವ ಈಮ್ಯಾಕ್ಸನ್ನು ಪಡೆದು, ಆಮೇಲೆ ಆ ಕೋಡಿನೊಳಗೆ ಬೇಕಾದ ಜಾಗವನ್ನು ಹುಡುಕಿ ಓದುವುದು ಹೇಗೆಂದು ತಿಳಿಸುವುದಷ್ಟೇ ಅದರ ಉದ್ದೇಶ. ನಾಮಪದಗಳು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಬಫರ್, ಫೈಲು, ಕಮಾಂಡು ಮುಂತಾದುವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ‘ಫ್ರೀ ಸಾಫ್ಟ್‌ವೇರ್’ ಎಂಬಲ್ಲಿನ ‘ಫ್ರೀ’ಗೆ ‘ಉಚಿತ’ವನ್ನು ಬಿಟ್ಟು ‘ಸ್ವತಂತ್ರ’ವನ್ನು ಹಿಡಿದಿದ್ದೇನೆ, ಏಕೆಂದರೆ ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಗ್ನೂ ಈಮ್ಯಾಕ್ಸನ್ನು ಹೊರತಂದಾಗ ಅವರ ಮನಸ್ಸಿನಲ್ಲಿದ್ದುದು ಬೆಲೆಯಲ್ಲ, ಬಳಸುವವರ ಸ್ವಾತಂತ್ರ್ಯ. ನನಗೆ ತೊಡಕಾಗಿರುವುದು ಕ್ರಿಯಾಪದಗಳು.

ಮೊದಲನೆಯದು ‘ಕಂಪೈಲ್’, ಅಂದರೆ ಬರೆದ ಕೋಡನ್ನು ಗಣಕ ಓಡಿಸಬಲ್ಲ ರೂಪಕ್ಕೆ ತಿರುಗಿಸುವುದು. ಇದಕ್ಕೆ ‘ಸಂಕಲನ’ ಎಂಬ ಪದ ಕೆಲವು ಪಾರಿಭಾಷಿಕ ಪಟ್ಟಿಗಳಲ್ಲಿ ಬಳಕೆಯಲ್ಲಿದೆ. ಆದರೆ ನಮ್ಮ ವಿದ್ಯಾರ್ಥಿಗೆ ಸಂಕಲನವೆಂದರೆ ವ್ಯವಕಲನದ ಜೊತೆಗಾರ, ಅಂದರೆ ಕೂಡುವ ಲೆಕ್ಕ. ಸಾಹಿತ್ಯ ಓದುವವನಿಗೆ ಕವನ ಸಂಕಲನ. ಸಿನಿಮಾ ನೋಡುವವನಿಗೆ ಪರದೆಯ ಮೇಲೆ ಛಾಯಾಗ್ರಹಣದ ಹೆಸರಿನ ಆಸುಪಾಸಿನಲ್ಲಿ ಬರುವ ಕೆಲಸ. ಅದರಲ್ಲೂ ನಾನು ಬರೆಯುತ್ತಿರುವುದು ಸಂಪಾದಕವೊಂದರ ಬಗ್ಗೆ. ‘ಸಂಪಾದಕವನ್ನು ಸಂಕಲನ ಮಾಡಿ’ ಎಂಬ ವಾಕ್ಯವನ್ನು ಓದಿದವರು ಇದಾವುದೋ ವಿಶೇಷಾಂಕದ ಕೆಲಸವಿರಬೇಕೆಂದುಕೊಂಡರೆ ತಪ್ಪು ಅವರದ್ದಲ್ಲ. ಹಾಗಾಗಿ ‘ಕಂಪೈಲ್ ಮಾಡು’ ಎಂದೇ ಬರೆಯುವುದು ವಾಸಿಯೆಂದು ನನಗೆ ತೋರುತ್ತದೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಈಮ್ಯಾಕ್ಸಿನ ಒಳತಿರುಳು ಸಿ ಭಾಷೆಯಲ್ಲಿದೆ, ಅದರ ಮೇಲಿನ ಬಹುಪಾಲು ಈಮ್ಯಾಕ್ಸ್ ಲಿಸ್ಪ್ ಎಂಬ ಭಾಷೆಯಲ್ಲಿದೆ. ‘ಮೇಕ್’ ಎಂಬ ಒಂದೇ ಆಜ್ಞೆ ಕೊಟ್ಟಾಗ ಸಿ ಫೈಲುಗಳು ಯಂತ್ರಭಾಷೆಗೆ ಕಂಪೈಲ್ ಆಗುತ್ತವೆ. ಲಿಸ್ಪ್ ಫೈಲುಗಳು ಬೈಟ್‌ಕೋಡ್ ಎಂಬ ನಡುವಣ ರೂಪಕ್ಕೆ ಕಂಪೈಲ್ ಆಗುತ್ತವೆ. 2022ರಲ್ಲಿ ಬಂದ 28ನೆಯ ಆವೃತ್ತಿಯಿಂದೀಚೆಗೆ, ಬೇಕೆಂದರೆ, ಅದೇ ಲಿಸ್ಪ್ ಜಿಸಿಸಿ ಎಂಬ ಕಂಪೈಲರಿನ ನೆರವಿನಿಂದ ಯಂತ್ರಭಾಷೆಗೂ ಕಂಪೈಲ್ ಆಗಬಲ್ಲದು. ಬಿಡುಗಡೆಯಾದ ಆವೃತ್ತಿಯ ಕೋಡಿನ ಗಂಟನ್ನು ಇಳಿಸಿಕೊಂಡವರಿಗೆ ಬೈಟ್‌ಕೋಡ್ ಸಿದ್ಧವಾಗಿಯೇ ಬರುತ್ತದೆ. ಕೋಡಿನ ಬದಲಾವಣೆಗಳನ್ನು ಕಾಪಿಡುವ ಗಿಟ್ ಎಂಬ ವ್ಯವಸ್ಥೆಯಿಂದ ತಂದವರಿಗೆ ಅದು ಬರುವುದಿಲ್ಲವಾದ್ದರಿಂದ ಅವರ ಗಣಕ ಮೊದಲ ಸಲ ಬಹಳ ಹೊತ್ತು ದುಡಿಯಬೇಕಾಗುತ್ತದೆ. ಇಷ್ಟೆಲ್ಲವೂ ಸೇರಿದ ಇಡೀ ಕೆಲಸಕ್ಕೆ ‘ಬಿಲ್ಡ್’ ಎಂದು ಹೆಸರು. ಅಂದಮೇಲೆ ಕಂಪೈಲ್ ಎನ್ನುವುದು ಬಿಲ್ಡ್ ಎನ್ನುವುದರ ಒಂದು ಭಾಗವಷ್ಟೇ, ಎರಡಕ್ಕೂ ಒಂದೇ ಮಾತನ್ನು ಹೊಂದಿಸುವಂತಿಲ್ಲ.

‘ಬಿಲ್ಡ್’ ಎನ್ನುವುದಕ್ಕೆ ‘ಕಟ್ಟು’ ಎಂದು ಬರೆದಿದ್ದೇನೆ, ಮತ್ತು ಈ ಪತ್ರದ ಮುಖ್ಯ ಪ್ರಶ್ನೆ ಇದರ ಬಗ್ಗೆಯೇ. ‘ಈಮ್ಯಾಕ್ಸ್ ಕಟ್ಟುವ ಬಗೆ’, ‘ಕಟ್ಟುವಾಗ ಬರುವ ತಪ್ಪುಗಳು’ ಎಂದರೆ ಕಿವಿಗೆ ಒರಟಾಗಿ ಕೇಳುವುದಿಲ್ಲ. ಆದರೆ ಕರಡನ್ನು ಓದಿದ ವಿದ್ಯಾರ್ಥಿಯೊಬ್ಬಳು ಎತ್ತಿದ ಆಕ್ಷೇಪ ನನಗೆ ಸರಿಯಾದದ್ದೆನಿಸಿತು. ನಮ್ಮ ಕಡೆ ಮನೆ ಕಟ್ಟುವುದೆಂದರೆ ಪಾಯ ತೆಗೆಯುವುದರಿಂದ ಹಿಡಿದು ಸಜ್ಜಾ ಹಾಕುವವರೆಗಿನ ಸಮಸ್ತವೂ ಅದರಲ್ಲಿ ಬಂತು. ಮುದ್ದೆ ಕಟ್ಟುವುದೆಂದರೆ ಮಾತ್ರ ಹಾಗಲ್ಲ, ಎಸರಿಟ್ಟು ಹಿಟ್ಟು ಹಾಕಿ ಕೋಲಿನಿಂದ ತೊಳಸುವುದೆಲ್ಲ ಮುಗಿದಮೇಲೆ ಒದ್ದೆ ಕೈಯಲ್ಲಿ ಉಂಡೆಗೆ ತರುವ ಕೊನೆಯ ಹಂತಕ್ಕಷ್ಟೇ ಆ ಮಾತು. ಬಿಡಿಬಿಡಿಯಾಗಿ ಕಂಪೈಲ್ ಆದ ತುಣುಕುಗಳನ್ನು ಒಂದೇ ಕಾರ್ಯಕ್ರಮವಾಗಿ (ಪ್ರೋಗ್ರಾಂ) ಕೂಡಿಸುವ ‘ಲಿಂಕ್’ ಎಂಬ ಹಂತ ಈ ಎರಡನೆಯ ಕಟ್ಟುವಿಕೆಗೆ ಹತ್ತಿರವಾಗಿದೆಯಲ್ಲ, ಹಾಗಿದ್ದರೆ ‘ಕಟ್ಟು’ ಅದಕ್ಕಲ್ಲವೇ ಸಲ್ಲಬೇಕು ಎಂದು ಆಕೆ ಕೇಳಿದಳು. ಸದ್ಯಕ್ಕೆ ನಾನು ಇಡೀ ಕೆಲಸಕ್ಕೆ ‘ಕಟ್ಟು’, ಲಿಂಕ್ ಹಂತಕ್ಕೆ ‘ಬೆಸೆ’ ಎಂದು ಇಟ್ಟುಕೊಂಡಿದ್ದೇನೆ. ಪ್ರಯೋಗಾಲಯದಲ್ಲಿ ಹುಡುಗರು ಆಡುವ ಮಾತು ಬೇರೆಯೇ ಇದೆ ಎಂಬುದನ್ನೂ ಹೇಳಬೇಕು: ಅವರು ‘ಮೇಕ್ ಹೊಡಿ’ ಎನ್ನುತ್ತಾರೆ, ಅದರಲ್ಲಿ ಅವರಿಗೆ ಯಾವ ಗೊಂದಲವೂ ಇಲ್ಲ. ಬರಹದ ಭಾಷೆಗೆ ‘ಹೊಡಿ’ ಹೊಂದುವುದಿಲ್ಲವೆಂದು ಬಿಟ್ಟಿದ್ದೇನೆ, ಆದರೆ ಅದು ಜೀವಂತ ಪ್ರಯೋಗ ಎಂಬುದರಲ್ಲಿ ಸಂಶಯವಿಲ್ಲ.

ಇದೇ ಸಂದರ್ಭದಲ್ಲಿ ‘ಲೈಬ್ರರಿ’ಯ, ಅಂದರೆ ಬೇರೆ ಕಾರ್ಯಕ್ರಮಗಳು ಬಳಸಿಕೊಳ್ಳುವ ಸಿದ್ಧ ಕೋಡಿನ, ಮಾತೂ ಬಂತು. ಕಟ್ಟುವುದಕ್ಕೆ ಮೊದಲು ‘ಕಾನ್ಫಿಗರ್’ ಎಂಬ ಸ್ಕ್ರಿಪ್ಟ್ ಗಣಕದಲ್ಲಿ ಏನೇನಿದೆಯೆಂದು ತಪಾಸಣೆ ಮಾಡುತ್ತದೆ, ಮತ್ತು ಸುರಕ್ಷಿತ ಜಾಲಸಂಪರ್ಕದ ಲೈಬ್ರರಿಯಾದ ಗ್ನೂಟಿಎಲ್‌ಎಸ್ ಸಿಗದಿದ್ದರೆ, ಅದು ಬೇಡವೆಂದು ನಾವು ಮೊದಲೇ ತಿಳಿಸಿರದ ಪಕ್ಷದಲ್ಲಿ, ಅಲ್ಲಿಯೇ ನಿಲ್ಲುತ್ತದೆ. ‘ಸಾರ್, ಕಾನ್ಫಿಗರ್ ಹೊಡುದ್ರೆ ಯಾವ್ದೋ ಲೈಬ್ರರಿ ಇಲ್ಲ ಅಂತೈತೆ’ ಎಂದ ಹುಡುಗನಿಗೆ ‘ಗ್ರಂಥಾಲಯ ಸಿಗಲಿಲ್ಲ’ ಎಂದು ಅಚ್ಚಾದ ಕನ್ನಡ ಸಂದೇಶ ತೋರಿಸಿದರೆ ಏನಾದೀತೆಂದು ನೀವೇ ಊಹಿಸಿಕೊಳ್ಳಬಹುದು. ನಾನು ‘ಲೈಬ್ರರಿ’ಯನ್ನೇ ಉಳಿಸಿಕೊಂಡಿದ್ದೇನೆ, ಇದರ ಬಗ್ಗೆ ಚರ್ಚೆ ಬೇಕೆಂದು ನನಗನಿಸುವುದಿಲ್ಲ.

‘ಕಟ್ಟು’ವಿನಷ್ಟೇ ಸಲಹೆ ಬೇಕಾಗಿರುವ ಇನ್ನೊಂದು ಮಾತು ‘ಡಂಪ್’. ಸಿ ತುಣುಕುಗಳನ್ನು ಬೆಸೆದಾಗ ಮೊದಲು ಹುಟ್ಟುವುದು ಈಮ್ಯಾಕ್ಸ್ ಅಲ್ಲ, ‘ಟೆಮ್ಯಾಕ್ಸ್’ ಎಂಬ ಬರಿದಾದ ಕಾರ್ಯಕ್ರಮ. ಲಿಸ್ಪನ್ನು ಅರ್ಥಮಾಡಿಕೊಳ್ಳುವ ಶಕ್ತಿ ಅದಕ್ಕಿದೆ, ಆದರೆ ಲಿಸ್ಪ್‌ನಲ್ಲಿ ಬರೆದ ಸಂಪಾದಕದ ನಡವಳಿಕೆಗಳು ಅದರಲ್ಲಿ ಇನ್ನೂ ಇಲ್ಲ. ಅದು ಮೂಲಭೂತವಾದ ಲಿಸ್ಪ್ ಫೈಲುಗಳನ್ನು ಒಂದೊಂದಾಗಿ ಓದಿಕೊಂಡು, ಓದಿ ಮುಗಿದ ಕ್ಷಣದಲ್ಲಿ ತನ್ನ ಸ್ಮೃತಿ (ಮೆಮೊರಿ) ಇದ್ದ ಸ್ಥಿತಿಯನ್ನು ಹಾಗೆಯೇ ಒಂದು ಫೈಲಿಗೆ ಇಳಿಸಿಡುತ್ತದೆ. ಮುಂದೆ ಈಮ್ಯಾಕ್ಸನ್ನು ತೆರೆದಾಗಲೆಲ್ಲ ಆ ಫೈಲುಗಳನ್ನು ಮತ್ತೆ ಓದುವ ಅಗತ್ಯ ಬೀಳದಿರುವುದು ಇದರಿಂದ. ಮೊದಲು ಈ ಸ್ಥಿತಿಯನ್ನು ಓಡುವ ಫೈಲಿನೊಳಕ್ಕೇ ಸೇರಿಸುತ್ತಿದ್ದರು. 2020ರ 27ನೆಯ ಆವೃತ್ತಿಯಲ್ಲಿ ಅದನ್ನು ಪ್ರತ್ಯೇಕ ಫೈಲಾಗಿ ಇಡುವ ಕ್ರಮ ಬಂತು. ತುಮಕೂರಿನಲ್ಲಿ ‘ಡಂಪ್ ಮಾಡು’ ಎಂದರೆ ಲಾರಿಯಿಂದ ಜಲ್ಲಿಯನ್ನೋ ಮಣ್ಣನ್ನೋ ಒಂದೆಡೆ ಸುರಿಯುವುದು, ಇಲ್ಲವೇ ಬೇಡದ್ದನ್ನು ಒಂದು ಮೂಲೆಗೆ ಹಾಕುವುದು. ಇಲ್ಲಿ ನಡೆಯುವುದಾದರೋ ಸುರಿಯುವುದಲ್ಲ, ಅತಿ ಜೋಪಾನವಾಗಿ ಕಾಪಿಡುವುದು. ಆದ್ದರಿಂದ ‘ಪಡಿಯಚ್ಚು ತೆಗೆ’ ಎಂದು ಬರೆದಿದ್ದೇನೆ. ‘ಪಡಿಯಚ್ಚು’ ಎಂಬ ಮಾತು ಮಗು ತಾಯಿಯ ಹೋಲಿಕೆಯಲ್ಲಿದೆ ಎನ್ನುವಾಗ ಇಂದಿಗೂ ಬಳಕೆಯಲ್ಲಿದೆ. ಒಂದು ವಸ್ತುವಿನ ತದ್ರೂಪವನ್ನು ಅದು ಸೂಚಿಸುತ್ತದೆ. ಆದರೆ ಇಲ್ಲಿ ಆ ತದ್ರೂಪದಿಂದಲೇ ಕಾರ್ಯಕ್ರಮ ಮತ್ತೆ ಎದ್ದು ನಡೆಯಬೇಕು, ಆ ಛಾಯೆ ‘ಪಡಿಯಚ್ಚು’ ಪದದಲ್ಲಿ ಬರುತ್ತದೆಯೇ ಎಂಬುದು ನನ್ನ ಅನುಮಾನ. ಬಳಗದಲ್ಲಿ ಅಚ್ಚಿನ ಮನೆಯ ಅನುಭವವಿರುವವರು ಇದ್ದಲ್ಲಿ ಅವರ ಮಾತು ನನಗೆ ಬೆಲೆಯುಳ್ಳದ್ದು.

ಕೋಡಿನೊಳಗೆ ಓಡಾಡುವ ಅಧ್ಯಾಯದಲ್ಲಿ ‘ನ್ಯಾವಿಗೇಶನ್’ ಎಂಬುದಕ್ಕೆ ‘ಸಂಚರಣೆ’ ಎನ್ನದೆ ‘ಓಡಾಟ’ ಎಂದೇ ಬರೆದಿದ್ದೇನೆ. ತೊಡಕಿರುವುದು ಹೋಗಿ ಸೇರುವ ಜಾಗದ ಹೆಸರಿನಲ್ಲಿ. ಸಿ ಭಾಷೆಯಲ್ಲಿ ಒಂದು ಫಂಕ್ಷನ್ (ಒಂದು ಕೆಲಸ ಮಾಡುವ, ಹೆಸರುಳ್ಳ ಕೋಡಿನ ತುಣುಕು) ಹೀಗಿದೆಯೆಂದು ಹೆಡರ್ ಫೈಲಿನಲ್ಲಿ ಸಾರುವುದು ಬೇರೆ, ಅದರ ಮೈಯನ್ನು ಪೂರ್ತಿಯಾಗಿ ಬರೆಯುವುದು ಬೇರೆ, ಅದನ್ನು ಮತ್ತೆಲ್ಲೋ ಕರೆಯುವುದು ಇನ್ನೂ ಬೇರೆ. ಮೆಟಾ ಕೀಲಿಯೊಡನೆ (ಸಾಮಾನ್ಯವಾಗಿ ಆಲ್ಟ್) ಚುಕ್ಕೆ ಒತ್ತಿದರೆ ಈಮ್ಯಾಕ್ಸ್ ಎರಡನೆಯದಕ್ಕೆ ಒಯ್ಯುತ್ತದೆ, ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಮೂರನೆಯದರ ಪಟ್ಟಿ ಕೊಡುತ್ತದೆ, ಅಲ್ಪವಿರಾಮ ಒತ್ತಿದರೆ ಹೊರಟಲ್ಲಿಗೆ ಹಿಂದಿರುಗಿಸುತ್ತದೆ. ಸಿ ಫೈಲುಗಳಲ್ಲಿ ಇದು ನಡೆಯಬೇಕಾದರೆ ‘ಮೇಕ್ ಟ್ಯಾಗ್ಸ್’ ಎಂಬ ಆಜ್ಞೆಯಿಂದ ಹೆಸರುಗಳ ಸೂಚಿಯನ್ನು ಮೊದಲೇ ಮಾಡಿಟ್ಟುಕೊಂಡಿರಬೇಕು. ‘ಘೋಷಣೆ’, ‘ವ್ಯಾಖ್ಯೆ’, ‘ಉಲ್ಲೇಖ’ ಎಂಬ ಮೂರು ಪದಗಳನ್ನು ಕ್ರಮವಾಗಿ ಇಟ್ಟಿದ್ದೇನೆ. ಇವುಗಳಲ್ಲಿ ‘ವ್ಯಾಖ್ಯೆ’ ನನಗೆ ಸಮಾಧಾನ ತಂದಿಲ್ಲ: ವಿಜ್ಞಾನ ಪುಸ್ತಕದ ‘ವೇಗದ ವ್ಯಾಖ್ಯೆ’ ಒಂದು ಸಾಲಿನ ವಿವರಣೆ, ಇಲ್ಲಿಯದು ನೂರಾರು ಸಾಲುಗಳ ಕೆಲಸ ಮಾಡುವ ಕೋಡು.

ಈಮ್ಯಾಕ್ಸಿನಲ್ಲಿ ಇದರ ಜೊತೆಗೆ ಇನ್ನೊಂದು ಸೋಜಿಗವಿದೆ. ಕರ್ಸರನ್ನು ಒಂದಕ್ಷರ ಮುಂದಕ್ಕೆ ಸರಿಸುವ ‘ಫಾರ್ವರ್ಡ್-ಚಾರ್’ ಎಂಬ ಫಂಕ್ಷನ್ ಲಿಸ್ಪ್ ಹೆಸರಿನಲ್ಲಿ ಅಡ್ಡಗೆರೆಯೊಡನೆ ಇರುತ್ತದೆ. ಅದೇ ಸಿ ಫೈಲಿನಲ್ಲಿ ಹೆಸರಿನ ಮುಂದೆ ದೊಡ್ಡ ‘ಎಫ್’ ಅಕ್ಷರ ಸೇರಿ, ಅಡ್ಡಗೆರೆ ಕೆಳಗೆರೆಯಾಗಿ, ‘ಡೆಫನ್’ ಎಂಬ ಮ್ಯಾಕ್ರೊದೊಳಗೆ ಎರಡೂ ಹೆಸರುಗಳು ಅಕ್ಕಪಕ್ಕದಲ್ಲಿ ಕಾಣಿಸುತ್ತವೆ. ಒಂದೇ ಫಂಕ್ಷನ್ನಿನ ಈ ಎರಡು ಹೆಸರುಗಳನ್ನು ‘ಲಿಸ್ಪ್ ಹೆಸರು’, ‘ಸಿ ಹೆಸರು’ ಎಂದು ಕರೆದರೆ ಸಾಕೇ, ಅಥವಾ ‘ಕರೆಯುವ ಹೆಸರು’, ‘ಒಳಹೆಸರು’ ಎಂದರೆ ಹೆಚ್ಚು ತಿಳಿಯಾಗುತ್ತದೆಯೇ? ‘ಕಟ್ಟು’, ‘ಪಡಿಯಚ್ಚು’ ಮತ್ತು ‘ವ್ಯಾಖ್ಯೆ’ಗಳ ಜೊತೆಗೆ ಇದರ ಬಗ್ಗೆಯೂ ತಾವು ಅಭಿಪ್ರಾಯ ತಿಳಿಸಿದರೆ, ಕರಡನ್ನು ವಿದ್ಯಾರ್ಥಿಗಳ ಕೈಗೆ ಕೊಡುವ ಮೊದಲು ತಿದ್ದಿಕೊಳ್ಳುತ್ತೇನೆ.